ಕುದ್ರೋಳಿಯಿಂದ ಕಂಡ ಕ್ರಿಕೆಟ್: ಒಬ್ಬ ಅಭಿಮಾನಿಯ ಇತಿಹಾಸ ವಿಚಾರ

ಶಾಸನ, ಕೈಫಿಯತ್ತು, ಕಂದಾಯದ ಕಡತ ಇವುಗಳನ್ನು ಬದಿಗಿಟ್ಟು ಚೆಂಡು ದಾಂಡಿನ ವಿಷಯವನ್ನು ಇತಿಹಾಸ ವಿಭಾಗದ ಪತ್ರಿಕೆಯಲ್ಲಿ ಎತ್ತಿಕೊಳ್ಳುವುದು ಕೆಲವರಿಗೆ ಲಘುವಾಗಿ ತೋರಬಹುದು. ಹಾಗೆ ತೋರಿದರೆ ನನ್ನ ಆಕ್ಷೇಪವಿಲ್ಲ. ನಾನು ಮೊದಲು ಕ್ರಿಕೆಟ್ಟಿನ ಅಭಿಮಾನಿ, ಅನಂತರ ಇತಿಹಾಸದ ಅಧ್ಯಾಪಕ, ಕಾಲಾನುಕ್ರಮವೂ ಹಾಗೆಯೇ. ಇಸವಿಗಳನ್ನು ನೆನಪಿಟ್ಟುಕೊಳ್ಳುವ ಅಭ್ಯಾಸ ನನಗೆ ಬಂದದ್ದು ಪಾಣಿಪತದ ಯುದ್ಧಗಳಿಂದಲ್ಲ, ಟೆಸ್ಟ್ ಪಂದ್ಯಗಳ ಅಂಕಪಟ್ಟಿಗಳಿಂದ. ಮಂಗಳೂರಿನ ಕುದ್ರೋಳಿಯಲ್ಲಿ ಬೆಳೆದ ನನಗೆ ಆ ಆಟವು ಬಾಲ್ಯದಲ್ಲಿಯೇ ಒಂದು ಪ್ರಶ್ನೆಯನ್ನು ಮುಂದಿಟ್ಟಿತ್ತು. ಮೈದಾನದಲ್ಲಿ ಆಡುತ್ತಿರುವ ಹನ್ನೊಂದು ಮಂದಿಯಲ್ಲಿ ನಾವು ಯಾರನ್ನು 'ನಮ್ಮವರು' ಎನ್ನುತ್ತೇವೆ, ಮತ್ತು ಯಾವ ಆಧಾರದಿಂದ? ಇತಿಹಾಸವನ್ನು ಓದಿದ ಮೇಲೆ ಆ ಪ್ರಶ್ನೆ ಸುಲಭವಾಗಲಿಲ್ಲ, ಇನ್ನಷ್ಟು ತೊಡಕಾಯಿತು. ಆ ತೊಡಕನ್ನು ಇಲ್ಲಿ ಸ್ವಲ್ಪ ಬಿಡಿಸಿ ನೋಡಬೇಕೆಂದಿದ್ದೇನೆ.

ಕುದ್ರೋಳಿ ಗುರುಪುರ ಹೊಳೆಗೆ ಸಮೀಪದ ಪ್ರದೇಶ. ಟೀಪುವಿನ ಕಾಲದ ಸುಲ್ತಾನ್ ಬತ್ತೇರಿ ಅಲ್ಲಿಂದ ದೂರವಿಲ್ಲ. ಗೋಕರ್ಣನಾಥ ದೇವಾಲಯವೂ ಮಸೀದಿಯೂ ಒಂದೇ ಸುತ್ತಿನಲ್ಲಿವೆ. ತುಳು, ಬ್ಯಾರಿ, ಕೊಂಕಣಿ, ಕನ್ನಡ ಈ ನಾಲ್ಕೂ ಒಂದೇ ಓಣಿಯಲ್ಲಿ ಕೇಳಿಬರುತ್ತವೆ. ಅಂಥ ಓಣಿಯಲ್ಲಿ ನಾವು ತೆಂಗಿನ ಕೊತ್ತಳಿಗೆಯನ್ನು ಕೆತ್ತಿ ದಾಂಡು ಮಾಡಿಕೊಂಡು ಆಡುತ್ತಿದ್ದೆವು. ಚೆಂಡು ಕಂಪೌಂಡಿನ ಒಳಗೆ ಬಿದ್ದರೆ ಹೊಡೆದವನು ಔಟು. ಹೆಂಚು ಒಡೆದರೆ ಎಲ್ಲರೂ ಓಟ. ಜಾಗ ಇಕ್ಕಟ್ಟಾದ್ದರಿಂದ ಎಸೆತವು ಸೊಂಟಕ್ಕಿಂತ ಕೆಳಗಿನಿಂದಲೇ ಬರಬೇಕು, ಅಂದರೆ ಅಂಡರ್‌ಆರ್ಮ್. ಇದು ಮಕ್ಕಳ ಆಟವೆಂದು ತಳ್ಳಿಹಾಕುವಂಥದಲ್ಲ. ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಲ್ಲಿ ಕೊಯ್ಲು ಮುಗಿದ ಗದ್ದೆಗಳಲ್ಲಿ, ಶಾಲೆಯ ಬಯಲುಗಳಲ್ಲಿ, ಹೊನಲು ಬೆಳಕಿನಲ್ಲಿ ರಾತ್ರಿಯಿಡೀ ನಡೆಯುವ ಅಂಡರ್‌ಆರ್ಮ್ ಪಂದ್ಯಾಟಗಳನ್ನು ಕಾಣದ ಕರಾವಳಿಯವರಿಲ್ಲ. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಕ್ರಿಕೆಟ್ಟನ್ನು ಆಡುತ್ತಿದ್ದುದೇ ಹೀಗೆ. ಭುಜದ ಎತ್ತರದ ಎಸೆತಕ್ಕೆ ನಿಯಮದ ಒಪ್ಪಿಗೆ ದೊರೆತದ್ದು 1835ರಲ್ಲಿ, ಭುಜದ ಮೇಲಿನ ಎಸೆತಕ್ಕೆ 1864ರಲ್ಲಿ. 1981ರಲ್ಲಿ ಆಸ್ಟ್ರೇಲಿಯದ ಟ್ರೆವರ್ ಚಾಪೆಲ್ ಕೊನೆಯ ಚೆಂಡನ್ನು ನೆಲದ ಮೇಲೆ ಉರುಳಿಸಿ ಲೋಕದ ನಿಂದೆಗೆ ಗುರಿಯಾದನು. ಲೋಕವೆಲ್ಲ ತೊರೆದು ನಾಚಿಕೊಂಡ ಪದ್ಧತಿಯೊಂದನ್ನು ನಮ್ಮ ಗದ್ದೆಗಳು ಯಾವ ಸಂಕೋಚವೂ ಇಲ್ಲದೆ ಉಳಿಸಿಕೊಂಡು ಬಂದಿವೆ ಎಂಬುದು ನನಗೆ ಇಂದಿಗೂ ಸಂತೋಷದ ವಿಷಯ.

ಇನ್ನು ಮೂಲ ವಿಷಯಕ್ಕೆ ಬರೋಣ. ಬೆಂಗಳೂರಿನಲ್ಲಿ 1809ರಿಂದ ದಂಡಿನ ಪ್ರದೇಶವಿತ್ತು. ಮದರಾಸಿನಲ್ಲಿ ಇಂಗ್ಲಿಷರ ಕ್ಲಬ್ಬುಗಳಿದ್ದವು. ಆಟವು ಅಲ್ಲಿಂದ ಪೇಟೆಗೆ ಇಳಿದು ಬಂದ ದಾರಿ ಸ್ಪಷ್ಟವಾಗಿಯೇ ಇದೆ. ಮಂಗಳೂರಿನ ಸಂಗತಿ ಬೇರೆ. ಇಲ್ಲಿ ಕಲೆಕ್ಟರನೂ ನ್ಯಾಯಾಧೀಶನೂ ಇಂಗ್ಲಿಷರೇ ಆಗಿದ್ದರೂ ಜನರೊಡನೆ ದಿನನಿತ್ಯ ಬೆರೆತ ಪಾಶ್ಚಾತ್ಯರು ಇಂಗ್ಲಿಷರಲ್ಲ. 1834ರಲ್ಲಿ ಬಂದಿಳಿದ ಬಾಸೆಲ್ ಮಿಷನ್ನಿನವರು ಜರ್ಮನರು ಮತ್ತು ಸ್ವಿಸ್ಸರು. ಮುದ್ರಣಾಲಯ, ನೇಯ್ಗೆ, 1865ರಲ್ಲಿ ಹೆಂಚಿನ ಕಾರ್ಖಾನೆ ಇವು ಅವರ ಕೊಡುಗೆಗಳು. 1880ರಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ಸ್ಥಾಪಿಸಿದ ಜೆಸ್ವಿಟ್ ಪಾದ್ರಿಗಳು ಇಟಲಿಯವರು. ಹೆಂಚು, ನಿಘಂಟು, ವರ್ತಮಾನ ಪತ್ರಿಕೆ, ಚರ್ಚಿನ ಗೋಡೆಯ ಮೇಲಿನ ಚಿತ್ರ ಇವೆಲ್ಲವನ್ನೂ ಕೊಟ್ಟ ಈ ಮಹನೀಯರ ರಕ್ತದಲ್ಲಿ ಕ್ರಿಕೆಟ್ ಇರಲಿಲ್ಲ. ಈ ಊರಿನ ಆಟವು ದೊಡ್ಡ ಸಂಪ್ರದಾಯವಾಗಿ ಬೆಳೆಯಲು ತಡವಾದುದಕ್ಕೆ ಇದೂ ಒಂದು ಕಾರಣವಾಗಿರಬೇಕೆಂದು ನನ್ನ ಊಹೆ. ಇದನ್ನು ಊಹೆಯೆಂದೇ ವಾಚಕರು ಸ್ವೀಕರಿಸಬೇಕು.

1934ರ ನವೆಂಬರ್ 4ರಂದು ಮದರಾಸಿನ ಚೇಪಾಕ್ ಮೈದಾನದಲ್ಲಿ ರಣಜಿ ಪಂದ್ಯಾವಳಿಯ ಮೊತ್ತಮೊದಲ ಪಂದ್ಯ ನಡೆಯಿತು. ಆಡಿದವರು ಮದರಾಸು ಮತ್ತು ಮೈಸೂರು. ಮೈಸೂರು ಮೊದಲ ಸರದಿಯಲ್ಲಿ 48, ಎರಡನೆಯದರಲ್ಲಿ 59. ಮದರಾಸು ಒಂದೇ ಸರದಿಯಲ್ಲಿ 130. ಏ.ಜಿ. ರಾಮಸಿಂಗ್ ಒಬ್ಬರೇ 11 ವಿಕೆಟ್ಟುಗಳನ್ನು ಉರುಳಿಸಿದರು. ಬೆಳಗ್ಗೆ ಆರಂಭವಾದ ಪಂದ್ಯ ಸಂಜೆಯೊಳಗೆ ಮುಗಿದುಹೋಯಿತು. ಕನ್ನಡಿಗ ಅಭಿಮಾನಿಗಳು ಇದನ್ನು ನಮ್ಮ ಮೊದಲ ಸೋಲೆಂದು ಎಣಿಸುತ್ತಾರೆ. ನಾನೂ ಬಹುಕಾಲ ಹಾಗೆಯೇ ಎಣಿಸಿದ್ದೆ. ಆದರೆ ಆ ದಿನ ಕುದ್ರೋಳಿಯ ನಿವಾಸಿಯೊಬ್ಬನಿಗೆ ಭೂಪಟದ ಪ್ರಕಾರ ಅದು ಸೋಲಲ್ಲ, ಗೆಲುವು. ದಕ್ಷಿಣ ಕನ್ನಡ ಜಿಲ್ಲೆ ಆಗ ಮದರಾಸು ಪ್ರಾಂತ್ಯದ ಭಾಗ. ಮೈಸೂರು ಘಟ್ಟದ ಮೇಲಣ ದೇಶೀಯ ಸಂಸ್ಥಾನ. ಧಾರವಾಡ ಬೆಳಗಾವಿಗಳು ಮುಂಬಯಿ ಪ್ರಾಂತ್ಯಕ್ಕೆ ಸೇರಿದವು. ಒಂದೇ ಭಾಷೆಯವರು ಬೇರೆ ಬೇರೆ ತಂಡಗಳ ನಡುವೆ ಹಂಚಿಹೋಗಿದ್ದರು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ನಮ್ಮ ಹಿರಿಯರು ರಾತ್ರಿ ಮಲಗಿ ಬೆಳಗ್ಗೆ ಏಳುವಷ್ಟರಲ್ಲಿ ಮದರಾಸಿನ ಪಕ್ಷದಿಂದ ಮೈಸೂರಿನ ಪಕ್ಷಕ್ಕೆ ಬಂದರು. ಅವರಲ್ಲಿ ಎಷ್ಟು ಮಂದಿಗೆ ಇದು ಕ್ರಿಕೆಟ್ಟಿನ ದೃಷ್ಟಿಯಿಂದ ಹೊಳೆಯಿತೋ! ಅಂದೇ ಕಾಸರಗೋಡು ಕೇರಳಕ್ಕೆ ಹೋಯಿತು. ಆ ವಿಷಯಕ್ಕೆ ಮತ್ತೆ ಬರುತ್ತೇನೆ.

'ನಮ್ಮವರು' ಎಂಬುದನ್ನು ನಿರ್ಧರಿಸುವುದು ಪ್ರಾಂತ್ಯದ ಗಡಿಯೊಂದೇ ಅಲ್ಲ. ಅದಕ್ಕಿಂತ ಹಳೆಯ, ಅದಕ್ಕಿಂತ ಕಠಿಣವಾದ ಗಡಿಯೊಂದು ಊರಿನೊಳಗೇ ಇತ್ತು. ಕುದ್ರೋಳಿಯ ದೇವಾಲಯದಲ್ಲಿ ನಾರಾಯಣ ಗುರುಗಳು ಶಿವಲಿಂಗವನ್ನು ಪ್ರತಿಷ್ಠಾಪಿಸಿದ್ದು 1912ರಲ್ಲಿ. ಇತರ ದೇವಾಲಯಗಳ ಒಳಗೆ ಪ್ರವೇಶವಿಲ್ಲದ ಬಿಲ್ಲವರು ಗುರುಗಳನ್ನು ಬರಮಾಡಿಕೊಂಡು ತಮ್ಮದೇ ಆದ ದೇವಾಲಯವನ್ನು ಕಟ್ಟಿಕೊಂಡರು. ಹೊಯಿಗೆಬಜಾರ್ ಕೊರಗಪ್ಪನವರ ಹೆಸರು ಈ ಸಂದರ್ಭದಲ್ಲಿ ಸ್ಮರಣೀಯ. ಈ ಇಸವಿಯನ್ನು ಯೋಚಿಸುವಾಗಲೆಲ್ಲ ನನಗೆ ಅದರ ಹಿಂದಿನ ವರ್ಷ, 1911, ನೆನಪಾಗುತ್ತದೆ. ಆ ಬೇಸಗೆಯಲ್ಲಿ ಪಟಿಯಾಲದ ಮಹಾರಾಜರ ನಾಯಕತ್ವದಲ್ಲಿ ಅಖಿಲ ಭಾರತ ತಂಡವೊಂದು ಇಂಗ್ಲೆಂಡಿಗೆ ಹೋಯಿತು. ಆ ತಂಡದ ಅತ್ಯುತ್ತಮ ಎಸೆತಗಾರ ಧಾರವಾಡದಲ್ಲಿ ಜನಿಸಿದ ಪಾಲ್ವಣಕರ ಬಾಳೂ. ಎಡಗೈಯಿಂದ ನಿಧಾನಗತಿಯ ಚೆಂಡನ್ನು ಎಸೆದು ಆ ಪ್ರವಾಸದಲ್ಲಿ ಅವರು ಪಡೆದ ವಿಕೆಟ್ಟುಗಳು 114, ಸರಾಸರಿ 19 ಓಟಗಳಿಗಿಂತ ಕಡಿಮೆ.

ಬಾಳೂ ಹುಟ್ಟಿದ್ದು ಚಮ್ಮಾರ ಕುಟುಂಬದಲ್ಲಿ. ಪುಣೆಯ ಯುರೋಪಿಯನ್ ಕ್ಲಬ್ಬಿನ ಮೈದಾನವನ್ನು ಗುಡಿಸಿ, ಹುಲ್ಲು ಕತ್ತರಿಸಿ, ಬಿಳಿಯರ ಅಭ್ಯಾಸಕ್ಕೆ ಚೆಂಡೆಸೆಯುತ್ತ ಅವರು ಆಟವನ್ನು ಕಲಿತರು. ದಾಂಡು ಹಿಡಿಯುವ ಅವಕಾಶ ಅವರಿಗಿರಲಿಲ್ಲ. ಪುಣೆಯ ಹಿಂದೂಗಳ ತಂಡ ಅವರನ್ನು ಸೇರಿಸಿಕೊಳ್ಳಬೇಕೇ ಬೇಡವೇ ಎಂದು ಕೊಂಚ ಕಾಲ ಹಿಂಜರಿಯಿತು; ಗೆಲ್ಲಬೇಕೆಂಬ ಆಸೆ ಮಡಿಯನ್ನು ಮೀರಿದ್ದರಿಂದ ಕೊನೆಗೆ ಸೇರಿಸಿಕೊಂಡಿತು. ಸೇರಿಸಿಕೊಂಡ ಬಗೆಯನ್ನು ರಾಮಚಂದ್ರ ಗುಹಾ ಅವರು 2002ರ ತಮ್ಮ ಗ್ರಂಥದಲ್ಲಿ ವಿವರವಾಗಿ ತಿಳಿಸಿದ್ದಾರೆ. ಮೈದಾನದಲ್ಲಿ ಎಲ್ಲರೂ ಅದೇ ಚೆಂಡನ್ನು ಮುಟ್ಟಿದರು. ವಿರಾಮದಲ್ಲಿ ಉಳಿದವರು ಪೆವಿಲಿಯನ್ನಿನ ಒಳಗೆ ಪಿಂಗಾಣಿ ಬಟ್ಟಲಿನಲ್ಲಿ ಚಹಾ ಕುಡಿಯುವಾಗ ಬಾಳೂ ಹೊರಗೆ, ಬಿಸಾಡಬಹುದಾದ ಮಣ್ಣಿನ ಕುಡಿಕೆಯಲ್ಲಿ ಕುಡಿಯಬೇಕಾಯಿತು. 1906ರಲ್ಲಿ ಮುಂಬಯಿಯಲ್ಲಿ ಹಿಂದೂಗಳು ಯುರೋಪಿಯನ್ನರನ್ನು 109 ಓಟಗಳಿಂದ ಸೋಲಿಸಿದಾಗ ಆ ಗೆಲುವಿನಲ್ಲಿ ಬಾಳೂ ಅವರ ಕೈ ದೊಡ್ಡದಾಗಿತ್ತು. ಆದರೂ ಆ ತಂಡದ ನಾಯಕತ್ವ ಅವರಿಗೆ ಎಂದೂ ದೊರೆಯಲಿಲ್ಲ. 1923ರಲ್ಲಿ ಅವರ ತಮ್ಮ ವಿಠ್ಠಲರಿಗೆ ದೊರೆಯಿತು.

ನಮ್ಮ ವಿದ್ಯಾರ್ಥಿಗಳಿಗೆ ನಾನು ಆಧಾರ ಸಾಮಗ್ರಿಯ ವಿಷಯವನ್ನು ಬೋಧಿಸುವಾಗ ಈ ಉದಾಹರಣೆಯನ್ನು ಕೊಡುವುದುಂಟು. ಅಂಕಪಟ್ಟಿಯು ಒಂದು ಬಗೆಯ ಶಾಸನ. ದಾನಶಾಸನದಂತೆ ಅದರಲ್ಲಿ ಹೆಸರಿದೆ, ಪ್ರಮಾಣವಿದೆ, ಸ್ಥಳ ಕಾಲಗಳಿವೆ. ಸಾಮಾನ್ಯವಾಗಿ ಅದು ಸುಳ್ಳು ಹೇಳುವುದಿಲ್ಲ. ಆದರೆ 1906ರ ಅಂಕಪಟ್ಟಿಯನ್ನು ಎಷ್ಟು ಸಲ ಓದಿದರೂ ಅದರಲ್ಲಿ ಮಣ್ಣಿನ ಕುಡಿಕೆ ಕಾಣಿಸುವುದಿಲ್ಲ. 1912ರಲ್ಲಿ ಕುದ್ರೋಳಿಯವರು ಮಾಡಿದ್ದಕ್ಕೂ ಬಾಳೂ ಮಾಡಿದ್ದಕ್ಕೂ ಇರುವ ಅಂತರವನ್ನೂ ಗಮನಿಸಬೇಕು. ಇವರು ತಮಗೆ ಬಾಗಿಲು ತೆರೆಯದ ಮನೆಯನ್ನು ಬಿಟ್ಟು ಬೇರೆ ಮನೆ ಕಟ್ಟಿಕೊಂಡರು. ಬಾಳೂ ಅದೇ ಮನೆಯೊಳಗೆ ಹೋಗಿ, ಅಲ್ಲಿನವರ ಮಾನವನ್ನು ಗೆದ್ದುಕೊಟ್ಟು, ಹೊರಗೆ ನಿಂತು ಚಹಾ ಕುಡಿದರು. ಇವೆರಡರಲ್ಲಿ ಯಾವುದು ಹೆಚ್ಚು ಕಷ್ಟದ್ದೆಂದು ನಾನು ಇದುವರೆಗೂ ನಿಶ್ಚಯಿಸಲಾರದೆ ಇದ್ದೇನೆ. ಧಾರವಾಡದವರಾದರೂ ಬಾಳೂ ಅವರನ್ನು ಕನ್ನಡನಾಡಿನ ಆಟಗಾರರ ಸಾಲಿನಲ್ಲಿ ಎಣಿಸುವವರು ವಿರಳ. ಅವರು ಆಡಿದ್ದು ಪುಣೆಯಲ್ಲಿ, ಮುಂಬಯಿಯಲ್ಲಿ ಎಂಬುದು ಇದಕ್ಕೆ ಕೊಡುವ ಕಾರಣ; ಆ ಕಾರಣವೊಂದೇ ಇದ್ದಿತೆಂದು ನಂಬಲು ನನಗೆ ಮನಸ್ಸಾಗದು.

ಇನ್ನು ನಮ್ಮ ಕರಾವಳಿಯವರೇ ಆದ ಬುಧಿ ಕುಂದರನ್. ಬುಧಿಸಾಗರ ಕೃಷ್ಣಪ್ಪ ಕುಂದರನ್ ಅವರು ಮಂಗಳೂರಿನ ಉತ್ತರಕ್ಕಿರುವ ಮೂಲ್ಕಿಯಲ್ಲಿ 1939ರ ಅಕ್ಟೋಬರ್ 2ರಂದು ಜನಿಸಿದರು. ಕುಂದರ್ ಎಂಬ ಹೆಸರು ತುಳುನಾಡಿನ ಯಾರ ಕಿವಿಗೂ ಹೊಸದಲ್ಲ; ಅಂಕಪಟ್ಟಿಯವರ ಕೈಯಲ್ಲಿ ಅದು 1964ರವರೆಗೆ ಕುಂದರಂ ಎಂದೂ ಅನಂತರ ಕುಂದರನ್ ಎಂದೂ ಆಯಿತು. ನಮ್ಮ ಊರುಗಳಿಂದ ಹಡಗಿನಲ್ಲೋ ಘಟ್ಟದ ಬಸ್ಸಿನಲ್ಲೋ ಮುಂಬಯಿಗೆ ಹೋಗಿ ನೆಲೆಸಿದ ಸಾವಿರಾರು ಕುಟುಂಬಗಳಲ್ಲಿ ಅವರದೂ ಒಂದು. 1960ರ ಜನವರಿಯಲ್ಲಿ ಮುಂಬಯಿಯಲ್ಲಿ ಆಸ್ಟ್ರೇಲಿಯದ ಎದುರು ವಿಕೆಟ್ ರಕ್ಷಕನಾಗಿ ಅವರನ್ನು ಆರಿಸಿದಾಗ ವಯಸ್ಸು ಇಪ್ಪತ್ತು. ರಣಜಿ ಪಂದ್ಯವನ್ನು ಅವರು ಆವರೆಗೆ ಆಡಿಯೇ ಇರಲಿಲ್ಲ. ಕೈಗೆ ತೊಡುವ ಗವಸುಗಳನ್ನು ಕೂಡ, ತಾವು ಯಾರ ಸ್ಥಾನಕ್ಕೆ ಬಂದರೋ ಆ ನರೇನ್ ತಮ್ಹಾಣೆಯವರಿಂದಲೇ ಎರವಲು ಪಡೆದರೆಂದು ಹೇಳುತ್ತಾರೆ. ಮನೆ ಇಕ್ಕಟ್ಟಾದ್ದರಿಂದ ಪಂದ್ಯದ ಹಿಂದಿನ ರಾತ್ರಿ ಹತ್ತಿರದ ಉದ್ಯಾನದಲ್ಲಿ ಮಲಗಿದರೆಂಬ ಮಾತೂ ಇದೆ. ಮುಂಬಯಿಯಲ್ಲಿ ಬಾಳಿದ ನಮ್ಮವರ ಮನೆಗಳ ಅಳತೆ ಬಲ್ಲವರಿಗೆ ಇದರಲ್ಲಿ ಅತಿಶಯೋಕ್ತಿ ಕಾಣಿಸದು.

ಅದಾದ ಕೆಲವೇ ದಿನಗಳಲ್ಲಿ ಮದರಾಸಿನ ಟೆಸ್ಟ್ ಪಂದ್ಯ. ಭಾರತದ ಮೊದಲ ಸರದಿಯ ಮೊತ್ತ 149. ಅದರಲ್ಲಿ ಕುಂದರನ್ನರದು 71. ತಂಡದ ಹೆಚ್ಚುಕಡಮೆ ಅರ್ಧದಷ್ಟು ಓಟಗಳನ್ನು, ಆಟಕ್ಕೆ ಹೊಸಬನಾದ ಯುವಕ ಒಬ್ಬನೇ ಹೊಡೆದಿದ್ದ. ಅನಂತರ ರೈಲ್ವೇಸ್ ತಂಡದ ಪರವಾಗಿ ರಣಜಿ ಪ್ರವೇಶ, ಮೊದಲ ಪಂದ್ಯದಲ್ಲಿಯೇ 205. 1964ರ ಜನವರಿಯಲ್ಲಿ ಮತ್ತೆ ಮದರಾಸಿನ ಅದೇ ಕಾರ್ಪೊರೇಷನ್ ಮೈದಾನ, ಎದುರಿಗೆ ಇಂಗ್ಲೆಂಡು. ಆರಂಭದ ಆಟಗಾರನಾಗಿ ಇಳಿದ ಕುಂದರನ್ ಮೊದಲ ದಿನದ ಕೊನೆಗೆ 170, ಮರುದಿನ 192ಕ್ಕೆ ಔಟಾದರು. ಆ ಸರಣಿಯ ಐದೂ ಪಂದ್ಯಗಳು ಸಮಸಮವಾಗಿ ಮುಗಿದು ಜನರಿಗೆ ಬೇಸರ ಹುಟ್ಟಿಸಿದವು. ಆದರೆ ಅದರಲ್ಲಿ ಅವರೊಬ್ಬರೇ 525 ಓಟಗಳನ್ನು ಕೂಡಿಸಿದರು. ದಿಲ್ಲಿಯಲ್ಲಿ ಇನ್ನೊಂದು ಶತಕವೂ ಬಂತು. ಕಾಲು ಚಾಚಿ ಚೆಂಡನ್ನು ತಡೆಯುವುದೇ ಸದ್ಗುಣವೆಂದು ಎಣಿಸುತ್ತಿದ್ದ ಆ ದಿನಗಳಲ್ಲಿ ಅವರದು ಹೊಡೆತದ ಆಟ. ಇಷ್ಟಾದರೂ ತಂಡದಲ್ಲಿ ಅವರ ಸ್ಥಾನ ಎಂದೂ ಭದ್ರವಾಗಿರಲಿಲ್ಲ. ಫರೂಕ್ ಎಂಜಿನಿಯರ್ ಎಂಬ ಸಮಾನ ಪ್ರತಿಭೆಯ ಪ್ರತಿಸ್ಪರ್ಧಿಯಿದ್ದುದು ಒಂದು ಕಾರಣ. ಆಯ್ಕೆಗಾರರ ಚಂಚಲತೆ ಇನ್ನೊಂದು. 18 ಟೆಸ್ಟ್ ಪಂದ್ಯಗಳಲ್ಲಿಯೇ ಅವರ ಕಥೆ ಮುಗಿಯಿತು.

ಮುಗಿದ ರೀತಿಯೂ ವಿಚಿತ್ರ. 1967ರಲ್ಲಿ ಎಜ್‌ಬಾಸ್ಟನ್ ಪಂದ್ಯದಲ್ಲಿ ಪಟೌಡಿಯವರು ಬೇಡಿ, ಪ್ರಸನ್ನ, ಚಂದ್ರಶೇಖರ್, ವೆಂಕಟರಾಘವನ್ ಈ ನಾಲ್ವರು ಸ್ಪಿನ್ ಎಸೆತಗಾರರನ್ನೂ ಒಟ್ಟಿಗೆ ಆಡಿಸಿದರು. ನಾಲ್ವರೂ ಕೂಡಿ ಆಡಿದ ಟೆಸ್ಟ್ ಪಂದ್ಯ ಅದೊಂದೇ. ಹೊಸ ಚೆಂಡನ್ನು ಎಸೆಯಲು ತಂಡದಲ್ಲಿ ಸರಿಯಾದ ವೇಗದವನಿರಲಿಲ್ಲವಾಗಿ ವಿ. ಸುಬ್ರಹ್ಮಣ್ಯರೊಡನೆ ಆ ಕೆಲಸವನ್ನು ವಿಕೆಟ್ ರಕ್ಷಕರಾದ ಕುಂದರನ್ನರಿಗೆ ವಹಿಸಲಾಯಿತು. ನೀವು ಯಾವ ಬಗೆಯ ಚೆಂಡು ಹಾಕುತ್ತೀರಿ ಎಂದು ಕೇಳಿದ್ದಕ್ಕೆ ತನಗೂ ತಿಳಿಯದೆಂದು ಅವರು ಉತ್ತರಿಸಿದರೆಂಬ ಕಥೆ ಪ್ರಸಿದ್ಧವಾಗಿದೆ. ಅದೇ ಅವರ ಕೊನೆಯ ಟೆಸ್ಟ್. ಅವರು ಮೈಸೂರು ತಂಡಕ್ಕೂ ಕೆಲವು ವರ್ಷ ಆಡಿದರು. ಆಮೇಲೆ ಸ್ಕಾಟ್ಲೆಂಡಿಗೆ ಹೋಗಿ ನೆಲೆಸಿ, ಆ ದೇಶದ ಪರವಾಗಿಯೂ ಆಡಿ, 2006ರ ಜೂನ್ ತಿಂಗಳಲ್ಲಿ ಗ್ಲಾಸ್ಗೋದಲ್ಲಿ ತೀರಿಕೊಂಡರು. ಮೂಲ್ಕಿ, ಮುಂಬಯಿ, ಮೈಸೂರು, ಗ್ಲಾಸ್ಗೋ: ಇವುಗಳಲ್ಲಿ ಯಾವ ಊರಿನವರು ಅವರನ್ನು ನಮ್ಮವರೆಂದು ಹೇಳಬೇಕು?

1973-74ರ ಗೆಲುವಿನ ಕುರಿತು ಬೇಕಾದಷ್ಟು ಬರೆದಿದ್ದಾರೆ. ನಾನು ಒಂದೇ ಅಂಶವನ್ನು ಸೂಚಿಸುತ್ತೇನೆ. ರಾಜ್ಯದ ಹೆಸರು ಕರ್ನಾಟಕವೆಂದಾದದ್ದು 1973ರ ನವೆಂಬರ್ 1ರಂದು. ಆ ಹೊಸ ಹೆಸರಿನ ಮೊದಲ ಋತುವಿನಲ್ಲಿಯೇ, ಹದಿನೈದು ವರ್ಷ ಸತತವಾಗಿ ರಣಜಿ ಟ್ರೋಫಿಯನ್ನು ಇಟ್ಟುಕೊಂಡಿದ್ದ ಮುಂಬಯಿಯನ್ನು ನಮ್ಮವರು ಬೆಂಗಳೂರಿನ ಉಪಾಂತ್ಯ ಪಂದ್ಯದಲ್ಲಿ ಮೊದಲ ಸರದಿಯ ಮುನ್ನಡೆಯಿಂದ ಹೊರಹಾಕಿದರು. ವಿಶ್ವನಾಥರ 162, ಬ್ರಿಜೇಶ್ ಪಟೇಲರ 106, ಗಾವಸ್ಕರರನ್ನು ಬೌಲ್ಡ್ ಮಾಡಿದ ಪ್ರಸನ್ನರ ಚೆಂಡು ಇವು ಆ ಪಂದ್ಯದ ಸ್ಮರಣೀಯ ಸಂಗತಿಗಳು. ಜಯಪುರದ ಅಂತಿಮ ಪಂದ್ಯದಲ್ಲಿ ರಾಜಸ್ಥಾನದ ಮೇಲೆ 185 ಓಟಗಳ ಗೆಲುವು. ಏಕೀಕರಣದ ಹೋರಾಟವು ಭೂಪಟದಲ್ಲಿ ಮಾಡಿದ್ದನ್ನು ಜನಸಾಮಾನ್ಯರ ಮನಸ್ಸಿನಲ್ಲಿ ನೆಲೆಗೊಳಿಸಿದ ಘಟನೆಗಳಲ್ಲಿ ಇದೂ ಒಂದೆಂದು ನಾನು ಧೈರ್ಯವಾಗಿ ಹೇಳುತ್ತೇನೆ.

ಆ ತಲೆಮಾರಿನ ಆಟಗಾರರಲ್ಲಿ ನನ್ನ ಮನಸ್ಸನ್ನು ಹೆಚ್ಚು ಸೆಳೆದವರು ಮೈಸೂರಿನ ಬಿ.ಎಸ್. ಚಂದ್ರಶೇಖರ್. ಬಾಲ್ಯದಲ್ಲಿ ಪೋಲಿಯೋದಿಂದ ಸೊರಗಿದ ಬಲಗೈಯೇ ಅವರ ಆಯುಧವಾಯಿತು. 1971ರಲ್ಲಿ ಓವಲ್ ಮೈದಾನದಲ್ಲಿ 38 ಓಟಗಳಿಗೆ 6 ವಿಕೆಟ್. ಇಂಗ್ಲೆಂಡು 101ಕ್ಕೆ ಕುಸಿಯಿತು, ಭಾರತ ಆ ನೆಲದಲ್ಲಿ ಮೊದಲ ಬಾರಿ ಗೆದ್ದಿತು. 58 ಪಂದ್ಯಗಳಲ್ಲಿ 242 ವಿಕೆಟ್. ದಾಂಡಿನಿಂದ ಬಂದ ಓಟಗಳು 167 ಮಾತ್ರ! ವಿಶ್ವನಾಥರ ಮಣಿಕಟ್ಟಿನ ಚೆಲುವನ್ನು ನೋಡಿದ ಹಿರಿಯರ ಮೇಲೆ ನನಗೆ ಅಸೂಯೆಯಿದೆ. ಆದರೆ ಅವರ ಶತಕಗಳಿಗಿಂತ ನನಗೆ ಮುಖ್ಯವೆನಿಸುವುದು 1980ರ ಮುಂಬಯಿ ಪಂದ್ಯ. ನಾಯಕರಾಗಿದ್ದ ಅವರು, ಅಂಪೈರು ಔಟ್ ಕೊಟ್ಟಿದ್ದ ಬಾಬ್ ಟೇಲರನನ್ನು ಚೆಂಡು ದಾಂಡಿಗೆ ತಾಗಿಲ್ಲವೆಂದು ಹಿಂದಕ್ಕೆ ಕರೆದರು. ಟೇಲರ್ ಬಾಥಮ್‌ನೊಡನೆ ದೊಡ್ಡ ಜತೆಯಾಟ ಆಡಿದನು. ಭಾರತ 10 ವಿಕೆಟ್ಟುಗಳಿಂದ ಸೋತಿತು. ಅದು ತಪ್ಪೆಂದು ವಾದಿಸುವ ಮಿತ್ರರು ನನಗಿದ್ದಾರೆ. ಅವರೊಡನೆ ಕ್ರಿಕೆಟ್ಟಿನ ವಿಷಯ ಮಾತಾಡುವುದನ್ನು ನಾನು ಕಡಮೆ ಮಾಡಿದ್ದೇನೆ.

ನನ್ನ ಕಣ್ಣಾರೆ ಕಂಡ ಪಂದ್ಯಗಳಲ್ಲಿ ಮೊದಲು ನೆನಪಾಗುವುದು 1996ರ ಅಕ್ಟೋಬರ್ 21ರದು. ಅದು ದಸರೆಯ ಸಮಯ. ಕುದ್ರೋಳಿಯ ಬೀದಿಗಳಲ್ಲಿ ದೀಪಗಳ ಸಾಲು, ಹುಲಿವೇಷದ ತಾಸೆಯ ಸದ್ದು. ಬೆಂಗಳೂರಿನಲ್ಲಿ ಆಸ್ಟ್ರೇಲಿಯದ 215 ಓಟಗಳನ್ನು ಬೆನ್ನಟ್ಟಿದ ಭಾರತ, ತೆಂಡೂಲ್ಕರ್ 88ಕ್ಕೆ ಔಟಾದಾಗ, 8 ವಿಕೆಟ್ಟಿಗೆ 164. ಓಣಿಯ ಹೆಚ್ಚಿನ ಮನೆಗಳಲ್ಲಿ ಟೆಲಿವಿಷನ್ ನಿಂತುಹೋಯಿತು. ಜನರು ದೇವಾಲಯದ ಕಡೆಗೆ ನಡೆದರು. ನಮ್ಮ ಮನೆಯಲ್ಲಿ ನಿಲ್ಲಿಸಲು ಯಾರೂ ಎದ್ದು ಬರಲಿಲ್ಲವೆಂಬುದಷ್ಟೇ ನನ್ನ ಭಾಗ್ಯ. ಜಾವಗಲ್ ಶ್ರೀನಾಥ್ ಮತ್ತು ಅನಿಲ್ ಕುಂಬ್ಳೆ ಮುರಿಯದ ಜತೆಯಾಟದಲ್ಲಿ 52 ಓಟಗಳನ್ನು ಸೇರಿಸಿ ಪಂದ್ಯವನ್ನು ಗೆದ್ದುಕೊಟ್ಟರು. ಅವರಿಬ್ಬರ ತಾಯಂದಿರು ಪ್ರೇಕ್ಷಕರ ನಡುವೆ ಕುಳಿತಿದ್ದುದನ್ನು ಕ್ಯಾಮೆರಾ ಮತ್ತೆ ಮತ್ತೆ ತೋರಿಸಿತು. ವಾರ್ತೆ ಓಣಿಯಲ್ಲಿ ಹಬ್ಬಿದಾಗ ತಾಸೆಯವರು ಬಡಿತದ ಗತಿಯನ್ನೇ ಬದಲಿಸಿದರು.

ಕುಂಬ್ಳೆಯವರ ಹೆಸರನ್ನು ಆ ಇರುಳು ಕೂಗಿದವರಲ್ಲಿ ಅನೇಕರಿಗೆ ಕುಂಬಳೆ ಗೊತ್ತಿದ್ದ ಊರು. ಮಂಗಳೂರಿನಿಂದ ದಕ್ಷಿಣಕ್ಕೆ ಸುಮಾರು 40 ಕಿಲೋಮೀಟರ್. ಒಂದು ಕಾಲದಲ್ಲಿ ಅರಸರಿದ್ದ ಸ್ಥಳ, ಯಕ್ಷಗಾನದ ಪಾರ್ತಿಸುಬ್ಬನ ನಾಡು. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ಅನಿಲರ ವಂಶದ ಮೂಲ ಅಲ್ಲಿಯದು. 1956ರವರೆಗೆ ಆ ಊರೂ ಕುದ್ರೋಳಿಯೂ ಒಂದೇ ಜಿಲ್ಲೆಯೊಳಗಿದ್ದವು. ಈಗ ಕುಂಬಳೆ ಕೇರಳದ ಕಾಸರಗೋಡು ಜಿಲ್ಲೆಯಲ್ಲಿದೆ. ರಣಜಿ ಪಂದ್ಯದಲ್ಲಿ ಕರ್ನಾಟಕ ಕೇರಳಗಳು ಎದುರಾದಾಗ ಕುಂಬಳೆಯ ಕನ್ನಡಿಗನೊಬ್ಬ ಯಾರ ಪಕ್ಷ ವಹಿಸಬೇಕು? ಅವನ ಊರಿನ ಹೆಸರನ್ನು ಹೊತ್ತವನು ಅವನ ರಾಜ್ಯದ ಎದುರಾಳಿ. 1999ರಲ್ಲಿ ದಿಲ್ಲಿಯಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್ಟುಗಳನ್ನು 74 ಓಟಗಳಿಗೆ ಪಡೆದು, ಒಟ್ಟು 619 ಟೆಸ್ಟ್ ವಿಕೆಟ್ಟುಗಳಿಂದ ಆ ಆಟಗಾರ ಒಂದು ಸಣ್ಣ ಊರಿನ ಹೆಸರನ್ನು ಆಟದ ಲೋಕಕ್ಕೆಲ್ಲ ಮುಟ್ಟಿಸಿದನು. ಗಡಿ ಆಯೋಗಗಳ ವರದಿಗಳಿಗೆ ಅದು ಸಾಧ್ಯವಾಗಿರಲಿಲ್ಲ.

2016ರ ಡಿಸೆಂಬರಿನಲ್ಲಿ ಚೆನ್ನೈಯ ಚೇಪಾಕಿನಲ್ಲಿ ಇಂಗ್ಲೆಂಡಿನ ಎದುರು, ಸುರತ್ಕಲ್ಲಿನಲ್ಲಿ ಬೆಳೆದ ಕೆ.ಎಲ್. ರಾಹುಲ್ 199ಕ್ಕೆ ಔಟಾದರು. ಅದೇ ಸರದಿಯಲ್ಲಿ ಕರ್ನಾಟಕದವರೇ ಆದ ಕರುಣ್ ನಾಯರ್ 303 ಹೊಡೆದು ಔಟಾಗದೆ ಉಳಿದದ್ದರಿಂದ ರಾಹುಲರ ಕೈತಪ್ಪಿದ ಒಂದು ಓಟದ ಮಾತು ಬೇಗ ಮರೆಯಾಯಿತು. ಮೂಲ್ಕಿ ಸುರತ್ಕಲ್ಲುಗಳ ನಡುವಿನ ದೂರ ಹೆಚ್ಚಿಲ್ಲ. ಅದೇ ನಗರದಲ್ಲಿ, ಅದೇ ದೇಶದವರ ಎದುರು, ಐವತ್ತೆರಡು ವರ್ಷಗಳ ಅಂತರದಲ್ಲಿ ನಮ್ಮ ಕಡಲತೀರದ ಇಬ್ಬರು ಇನ್ನೂರರ ಹೊಸ್ತಿಲಲ್ಲಿ ಎಡವಿದರು. 192 ಎಂಬ ಅಂಕವು ಭಾರತದ ವಿಕೆಟ್ ರಕ್ಷಕನೊಬ್ಬನ ಗರಿಷ್ಠ ಮೊತ್ತವಾಗಿ 2013ರವರೆಗೆ ಉಳಿದಿತ್ತು. ಆ ವರ್ಷ ಧೋನಿಯವರು ಅದನ್ನು ಮೀರಿ 224 ಮಾಡಿದ್ದೂ ಚೆನ್ನೈಯಲ್ಲಿಯೇ. ಆ ವಾರ ನನ್ನ ಸುತ್ತಲಿನ ಕ್ರಿಕೆಟ್ ಪ್ರಿಯರಲ್ಲಿ ಯಾರೂ ಕುಂದರನ್ನರ ಹೆಸರೆತ್ತಿದ್ದನ್ನು ನಾನು ಕೇಳಲಿಲ್ಲ.

ಕ್ಷೇತ್ರಕಾರ್ಯಕ್ಕೆಂದು ವಿದ್ಯಾರ್ಥಿಗಳಿಗೆ ಈ ಸಲ ನಾನು ಬೇರೆಯೇ ವಿಷಯವನ್ನು ಕೊಟ್ಟಿದ್ದೇನೆ. ಪಂದ್ಯಾಟಗಳ ಹಳೆಯ ಆಮಂತ್ರಣ ಪತ್ರಿಕೆಗಳು, ಯುವಕ ಮಂಡಲಗಳ ಅಂಕಪುಸ್ತಕಗಳು, ಮುಂಬಯಿಯಿಂದ ರಜೆಗೆ ಬಂದವರು ತಂದ ದಾಂಡುಗಳು, ಯಾರನ್ನು ತಂಡಕ್ಕೆ ಸೇರಿಸಿಕೊಂಡರು ಯಾರನ್ನು ಬಿಟ್ಟರು ಎಂಬ ಹಿರಿಯರ ನೆನಪುಗಳು, ಮತ್ತು ವಿರಾಮದಲ್ಲಿ ಯಾರು ಎಲ್ಲಿ ಕುಳಿತು ಚಹಾ ಕುಡಿದರು ಎಂಬುದು: ಇಷ್ಟನ್ನು ಕೂಡಿಹಾಕಬೇಕು. ಮೂಲ್ಕಿಯಿಂದ ಆರಂಭಿಸಿದ್ದೇವೆ.